ಮೇಲಿನ ಮನೆಯ ಮಾತು

ಜನವರಿ 6, ಬೆಳಿಗ್ಗೆ 6:30
ನೀರು ಬಿಡಲು ಮೇಲೆ ಹೋದೆ. ಬಾಡಿಗೆಗಿರುವ ಒಡಿಶಾದ ಗಂಡ ಹೆಂಡತಿ ಇವತ್ತೂ ನಕ್ಕರು. ಗಂಡ ಏನೋ ಅಂದ. 'ಮೌಸಿ' ಎಂಬುದಷ್ಟೇ ಕಿವಿಗೆ ಬಿತ್ತು. ಅದು ನಾನೇ, ನನ್ನನ್ನು ಹಾಗೇ ಕರೆಯುತ್ತಾರೆ. ಕಾಲು ಗಂಟೆಯಷ್ಟೇ ನೀರು ಬಿಡುತ್ತೇನೆಂದು ಬೈಯುತ್ತಿರಬೇಕು. ಲಗ್ಗೆರೆಯಲ್ಲೇ ಹುಟ್ಟಿದವಳು, ನನ್ನ ಮನೆಯ ಮೆಟ್ಟಿಲ ಮೇಲೆ ನಾನೇ ಬೆಪ್ಪಾಗಿ ನಿಲ್ಲಬೇಕೆ?

ಜನವರಿ 9
ಯೂಟ್ಯೂಬಿನಲ್ಲಿ ಒಡಿಯಾ ಕಲಿಸುವ ಮೇಷ್ಟ್ರು ಸಿಕ್ಕಿದರು. ಹಿಂದಿಯಲ್ಲಿ ವಿವರಿಸುತ್ತಾರೆ, ಅದು ನನಗೆ ಅರ್ಧಂಬರ್ಧ ಬರುತ್ತದೆ. ಸೊಪ್ಪು ಬಿಡಿಸುತ್ತಾ ಮೂರು ಪಾಠ ಮುಗಿಸಿದೆ. ಯಜಮಾನರ ಕೈಗೆ ಸಿಕ್ಕಿಬಿದ್ದೆ.
"ಅವ್ರು ಕನ್ನಡ ಕಲೀಬೇಕು ಕಣೇ. ಐವತ್ತಾರು ವರ್ಷಕ್ಕೆ ನಿಂಗ್ಯಾಕೆ ಇದು?"
"ಏನಂತ ಬೈತಾರೆ ಗೊತ್ತಾಗ್ಬೇಕಲ್ರೀ!"
ಗೊತ್ತಾದ ದಿನವೇ ಖಾಲಿ ಮಾಡಿಸುತ್ತೇನೆ. ಬ್ರೋಕರ್ ನಲ್ಲಪ್ಪನಿಗೆ ಈಗಲೇ ಹೇಳಿಟ್ಟಿದ್ದೇನೆ.

ಜನವರಿ 22
ಪಾಣಿ — ನೀರು. ಧೀರೇ — ನಿಧಾನ. ಶಿಖಿಬಾ — ಕಲಿಯುವುದು. ಮೌಸಿ ಅಂದರೆ ಚಿಕ್ಕಮ್ಮ. ಬೈಗುಳವಲ್ಲ... ಸದ್ಯಕ್ಕೆ.
ಟೆರೇಸಿನಲ್ಲಿ ಗಟ್ಟಿಯಾಗಿ ಬಾಯಿಪಾಠ ಮಾಡಿದೆ. ಅವನ ಹೆಂಡತಿ, ಆ ಹುಡುಗಿ, ಅಲ್ಲೇ ಬಟ್ಟೆ ಒಣಹಾಕುತ್ತಿದ್ದಳು. ಇಯರ್‌ಫೋನ್ ಹಾಕಿದ್ದಳು, ಕೇಳಿಸಿರಲಾರದು.

ಫೆಬ್ರವರಿ 3
ಏನೋ ನಡೆಯುತ್ತಿದೆ. ಹತ್ತು ದಿನದಿಂದ ನಾನು ಹೋದರೆ ಸಾಕು, ಇಬ್ಬರ ಮಾತಿನ ಧಾಟಿಯೇ ಬದಲು. ಒಂದೊಂದೇ ಪದ, ಬಿಡಿಸಿ ಬಿಡಿಸಿ. ಗುಟ್ಟಿಲ್ಲದವರು ಹೀಗೆ ಅಳೆದೂ ಸುರಿದೂ ಮಾತಾಡುತ್ತಾರೆಯೇ? ನಲ್ಲಪ್ಪ ಬೇರೆ ಸಂಸಾರವೊಂದನ್ನು ಹುಡುಕಿಟ್ಟಿದ್ದಾನೆ. ಭಾನುವಾರ ಹೇಳಿಬಿಡುತ್ತೇನೆ — ತಿಂಗಳೊಳಗೆ ಖಾಲಿ.

ಫೆಬ್ರವರಿ 8, ಭಾನುವಾರ
ಹೋದೆ. ಬಾಗಿಲು ಅರ್ಧ ತೆರೆದಿತ್ತು. ಹೊರಗೇ ನಿಂತು ಕಿವಿಗೊಟ್ಟೆ. ಗಂಡ ಒಂದೇ ಉಸಿರಿಗೆ ಏನೋ ಹೇಳುತ್ತಿದ್ದ. ಹುಡುಗಿಗೆ ನನ್ನ ಸೆರಗು ಕಂಡಿರಬೇಕು, ಅವನನ್ನು ತಡೆದಳು.
"ಧೀರೇ ಕುಹ. ಮೌಸಿ ಶಿಖುಛಂತಿ."
ನಿಧಾನ ಹೇಳು. ಚಿಕ್ಕಮ್ಮ ಕಲೀತಿದ್ದಾರೆ.
ಒಂದು ಪದವೂ ತಪ್ಪದೆ ಅರ್ಥವಾಯಿತು. ಇಷ್ಟು ದಿನ ಬಿಡಿಸಿ ಬಿಡಿಸಿ ಆಡಿದ್ದು ನನಗೋಸ್ಕರ! ನಾಚಿಕೆಯಾಯಿತು. ಕಣ್ಣೂ ತುಂಬಿತು. ಖಾಲಿ ಮಾಡಿ ಅನ್ನಲು ಬಾಯೇ ಬರಲಿಲ್ಲ.
"ಪಾಣಿ ಆಸಿಲಾ" ಅಂದೆ. ನೀರು ಬಂತು ಅಂತ. ಇಬ್ಬರೂ ಚಪ್ಪಾಳೆ ತಟ್ಟಿ ನಕ್ಕರು. ನಾನೂ ನಕ್ಕೆ. ಅರ್ಧ ಗಂಟೆ ನೀರು ಬಿಟ್ಟೆ.
ನಲ್ಲಪ್ಪನಿಗೆ ಫೋನ್ ಮಾಡಿ ಬೇಡ ಅಂದದ್ದೂ ಆಯಿತು.
ಆದರೂ... ನನ್ನೆದುರು ಇಷ್ಟು ನಿಧಾನ ಮಾತಾಡುವವರು, ನಾನು ಮೆಟ್ಟಿಲಿಳಿದ ಮೇಲೆ —