ಕಣ್ಣು ತೆರೆದೇ ಇರು

ಫೆಬ್ರವರಿ 3, ಸಂಜೆ

ಎಕ್ಕದ ಎಲೆ ಹದಿನಾಲ್ಕು ಕಿತ್ತು ತಂದಾಯಿತು. ನನಗೆ ಏಳು, ಮನೆಯಾಕೆಗೆ ಏಳು. ತೊಟ್ಟಿನಿಂದ ಹಾಲು ಒಸರುತ್ತಲೇ ಇದೆ.

"ತೊಳೆದು ಒರೆಸಿಡ್ತೀನಿ ಮಾವ. ಆ ಹಾಲು ಒಳ್ಳೇದಲ್ಲ" ಎಂದಳು ಸೊಸೆ.

"ಬೇಡಮ್ಮ. ಸೂರ್ಯನಿಗೆ ಒಪ್ಪಿಸೋದು, ಕಿತ್ತ ಹಾಗೇ ಇರಲಿ."

ನಲವತ್ತು ವರ್ಷ ಕಚೇರಿಯ ಎದುರು ಕುಳಿತು ಪರರ ಅರ್ಜಿಗಳನ್ನು ಬರೆದುಕೊಟ್ಟವನು ನಾನು. ಕ್ರಮವೆಂದರೆ ಕ್ರಮ. ಮನೆಯಾಕೆಯ ಎಡಗಣ್ಣು ಹೋಗಿ ಆರು ವರ್ಷ. ಉಳಿದ ಬಲಗಣ್ಣನ್ನು ಕಾಪಾಡಬೇಕೆಂದು ಜಗಚ್ಚಕ್ಷುವಾದ ಸೂರ್ಯನಲ್ಲಿ ವಿನಂತಿಸಿಕೊಳ್ಳುವುದೇ ಈ ಸಲದ ಸಪ್ತಮಿ ಸ್ನಾನದ ಉದ್ದೇಶ.

ಫೆಬ್ರವರಿ 4, ರಥಸಪ್ತಮಿ, ಬೆಳಿಗ್ಗೆ 9

ಹಿತ್ತಿಲಲ್ಲಿ ಸ್ನಾನ, ಪೂರ್ವಾಭಿಮುಖವಾಗಿ. ಆಕೆಯ ತಲೆಯ ಮೇಲೆ ಮೂರು ಎಲೆ, ಭುಜಗಳಿಗೆ ಎರಡೆರಡು. ತಂಬಿಗೆ ಎತ್ತಿದೊಡನೆ ಕಣ್ಣು ಮುಚ್ಚಿದಳು. ತಡೆದು, ಸಂಜ್ಞಾದೇವಿಯ ಕಥೆ ಹೇಳಿದೆ. ಸೂರ್ಯನ ಪತ್ನಿ, ಗಂಡನ ತೇಜಸ್ಸು ತಾಳಲಾರದೆ ಆತನೆದುರು ಕಣ್ಣು ಮುಚ್ಚುತ್ತಿದ್ದಳು. ನಿನ್ನ ಹೊಟ್ಟೆಯಲ್ಲಿ ಯಮನೇ ಹುಟ್ಟಲಿ ಎಂದು ಆತ ಶಪಿಸಿದ. ಕಡೆಗೆ ತನ್ನ ನೆರಳನ್ನೇ ಹೆಂಡತಿಯಾಗಿ ಮನೆಯಲ್ಲಿಟ್ಟು ಕಾಡು ಸೇರಿದಳು.

"ಇವತ್ತು ಅವನ ರಥ ತಿರುಗೋ ದಿನ. ಕಣ್ಣು ತೆರೆದೇ ಇರು."

"ನೆರಳನ್ನ ಬಿಟ್ಟು ಹೋಗೋಕಾಗಿದ್ರೆ ನಾನು ಎಂದೋ ಹೋಗ್ತಿದ್ದೆ. ನಿಮ್ಮ ಅರ್ಜಿ ಕೇಳೋಕೆ ಅದೇ ಸಾಕಿತ್ತು" ಎಂದು ನಕ್ಕಳು.

ತೆರೆದಳು. ಹುಯ್ದೆ.

ಉರಿ ಎಂದಳು. ಸಹಿಸಬೇಕು ಎಂದೆ.

ಅದೇ ದಿನ, ಸಂಜೆ

ಕಣ್ಣು ಕೆಂಡದಂತಾಗಿದೆ. ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ, ನಾನೇ ಕರೆದೊಯ್ದೆ.

"ಕಣ್ಣಿಗೆ ಏನು ಬಿತ್ತು ತಾತ?" ಎಂದರು ಡಾಕ್ಟರ್.

ಸಾಲಿನಲ್ಲಿ ಕುಳಿತಿದ್ದವರಲ್ಲಿ ಇಬ್ಬರು ನಮ್ಮ ಬೀದಿಯವರೇ. ನನ್ನ ಪುರಾಣ ಕೇಳಲು ಬರುವವರು. ಬಾಯಿಗೆ ಬಂದದ್ದು — ಸೋಪು.

ಆಕೆ ನನ್ನ ಕಡೆ ಮುಖ ತಿರುಗಿಸಿದಳು. "ಹೂಂ, ಸೋಪೇ" ಎಂದಳು.

ಡ್ರಾಪ್ಸ್ ಕೊಟ್ಟರು.

ಫೆಬ್ರವರಿ 7

"ಮಾವ, ಎಲೆಯ ಹಾಲು ಅಂತ ಡಾಕ್ಟರಿಗೆ ಹೇಳಿದ್ರಿ ತಾನೆ?"

"ನನಗೆ ಹೇಳಿಕೊಡಬೇಡ."

ಸುಳ್ಳಲ್ಲ. ಉತ್ತರವೂ ಅಲ್ಲ... ಸೊಸೆ ಆಚೆ ಹೋದ ಮೇಲೆ ಆಕೆ ಮೆಲ್ಲಗೆ ಹೇಳಿದಳು: "ಜನರ ಮುಂದೆ ತಲೆ ತಗ್ಗಿಸಿ ಗೊತ್ತಿಲ್ಲ ನಿಮಗೆ. ಸೋಪು ಅಂತಾನೇ ಇರಲಿ ಬಿಡಿ."

ಬಿಟ್ಟೆ.

ಫೆಬ್ರವರಿ 12

ಲೋಟ ನೀಡಿದರೆ ಆಕೆಯ ಕೈ ಗಾಳಿಯಲ್ಲಿ ಹುಡುಕುತ್ತದೆ. ಈ ಸಲ ಡಾಕ್ಟರ ಬಳಿಗೆ ಸೊಸೆಯೂ ಬಂದಳು. ಎಲೆಯ ಹಾಲು ಕಣ್ಣಿಗಿಳಿದದ್ದನ್ನು ನನ್ನ ಎದುರೇ ಹೇಳಿದಳು. ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಮೊದಲ ದಿನವೇ ಹೇಳಿದ್ರೆ ಕಣ್ಣು ಉಳೀತಿತ್ತೇನೋ ತಾತ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಫೆಬ್ರವರಿ 16, ಬೆಳಿಗ್ಗೆ

ಜಗಲಿಯ ಬಿಸಿಲಲ್ಲಿ ಕುಳಿತಿದ್ದಾಳೆ. ನೇರ ಸೂರ್ಯನತ್ತ ಮುಖ. ರೆಪ್ಪೆ ಅಲುಗುವುದಿಲ್ಲ.

"ನೋಡಿ, ಈಗ ಕಣ್ಣು ಮುಚ್ಚೋದೇ ಇಲ್ಲ ನಾನು. ನಿಮ್ಮ ಸೂರ್ಯನಿಗೆ ಸಂತೋಷ ತಾನೆ?" ಹಾಸ್ಯಕ್ಕೆಂದೇ ಹೇಳಿದಳು. ಮತ್ತೆ, "ಏನು ಬರೀತಿದ್ದೀರಿ? ಓದಿ" ಎಂದಳು. ಬರೆದದ್ದನ್ನು ಆಕೆಗೆ ಓದಿ ಹೇಳುವುದು ಮದುವೆಯಾದಂದಿನಿಂದ ರೂಢಿ.

ಕೆಳಗಿನದನ್ನು ಬರೆದ ಹಾಗೆಯೇ ಗಟ್ಟಿಯಾಗಿ ಓದುತ್ತಿದ್ದೇನೆ. ಬೀದಿಗೂ ಕೇಳಲಿ.

ಶ್ರೀ ಸೂರ್ಯನಾರಾಯಣಸ್ವಾಮಿಯವರ ದಿವ್ಯ ಸನ್ನಿಧಾನಕ್ಕೆ, ಈ ಕೆಳಗೆ ಸಹಿ ಮಾಡಿರುವವನ ವಿನಮ್ರ ಅರಿಕೆ. ತಪ್ಪು ತಮ್ಮದಲ್ಲ. ಎಲೆಯದೂ ಅಲ್ಲ. ಸದರಿ ದಿನ ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡೇ ಇದ್ದಳು. ತೆರೆ ಎಂದವನು —