ಗೋಧಿ ಹುಲ್ಲಿಗೆ ಬಂಗಡೆ ನೀರು

ಅಪ್ಪಾ,

ಕಾರವಾರದ ಬಸ್ಸಿಗೆ ಹೊತ್ತಾಯಿತು, ಹೊರಟೆ. ಸಾರು ಬಿಸಿ ಮಾಡಿಕೊಂಡು ಉಣ್ಣು.

ನಿನಗೆಂದೇ ಬೆಳೆಸಿದ ಗೋಧಿ ಹುಲ್ಲು ಪೂರ್ತಿ ಬೂಷ್ಟು ಹಿಡಿದಿತ್ತು, ಟ್ರೇ ಸಮೇತ ಹಿತ್ತಲಿಗೆ ಹಾಕಿದ್ದೇನೆ. ಮೀನಿನ ವಾಸನೆಗೆ ಪಕ್ಕದ ಮನೆಯ ಬೆಕ್ಕು ಅದನ್ನೇ ಕಾಯುತ್ತ ಕೂತಿದೆ. ಓಡಿಸಬೇಡ, ಯಾರಿಗಾದರೂ ಉಪಯೋಗವಾಗಲಿ.

ಹೊಸ ಟ್ರೇ ಅಡುಗೆಮನೆಯ ಕಿಟಕಿಯಲ್ಲಿದೆ. ಗೋಧಿ ಆಗಲೇ ಮೊಳಕೆ ಒಡೆದಿದೆ. ಮಧ್ಯಾಹ್ನ ಬಾವಿ ನೀರು ಸ್ವಲ್ಪ ಚಿಮುಕಿಸು. ಬಾವಿ ನೀರು ಎಂದೆ, ನೆನಪಿರಲಿ. ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಚೆಲ್ಲಿಬಿಡು. ನಮ್ಮ ಅಂಕೋಲೆಯ ಸೆಕೆಗೆ ಗಾಳಿ ಆಡದಿದ್ದರೆ ಮತ್ತೆ ಬೂಷ್ಟು ಬರುತ್ತದೆ, ಕಿಟಕಿ ತೆರೆದೇ ಇರಲಿ. ಬುಡದಲ್ಲಿ ಬಿಳಿ ಎಳೆ ಕಂಡರೆ ಗಾಬರಿಯಾಗಬೇಡ. ನೀರು ಚಿಮುಕಿಸಿದಾಗ ಮಾಯವಾದರೆ ಅದು ಬರೀ ಬೇರಿನ ಕೂದಲು.

ಇನ್ನು ನೀನು ಹಾಕಿದ ಆ ಬಂಗಡೆ ತೊಳೆದ ನೀರು. "ತೆಂಗಿಗೆ ಹಾಕಿದ್ರೆ ಎಷ್ಟು ಚಲೋ ಬರ್ತದೆ, ಅದ್ಕೇ ಇದಕ್ಕೂ ಹಾಕ್ದೆ ಮಗಾ" ಎಂದೆ ನೀನು. ನಾನೂ ನಂಬಿ ಬೈದು ಸುಮ್ಮನಾದೆ. ಆಮೇಲೆ ಯೋಚನೆ ಬಂತು. ಹಿತ್ತಲಲ್ಲಿ ಮೀನು ತೊಳೆದು, ಅಲ್ಲೇ ಇದ್ದ ತೆಂಗಿನ ಬುಡ ಬಿಟ್ಟು, ಆ ನೀರನ್ನು ಅಡುಗೆಮನೆಯವರೆಗೆ ಹೊತ್ತು ತರುವಷ್ಟು ಪ್ರೀತಿ ಈ ಹುಲ್ಲಿನ ಮೇಲೆ ನಿನಗೆ ಯಾವಾಗ ಬಂತು? ದಿನಾ ಬೆಳಿಗ್ಗೆ ಅದರ ರಸ ಕುಡಿಯುವಾಗ ನಿನ್ನ ಮುಖ ನಾನು ನೋಡುವುದಿಲ್ಲವೇ?

ಬೇಡ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೂ ನಾನು ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಈ ಸಲ ಇಬ್ಬರಿಗಾಗುವಷ್ಟು ಬಿತ್ತಿದ್ದೇನೆ. ನಾನೂ ಕುಡಿಯುತ್ತೇನೆ. ಒಟ್ಟಿಗೇ ಮುಖ ಸಿಂಡರಿಸೋಣ.

ನಾಗಶ್ರೀ