ತೆಂಗಿನೆಣ್ಣೆ ಬಿಟ್ಟ ಗಾಲಿ

ಮಂಕಿ,
ಬುಧವಾರ, ೧೨ ನವೆಂಬರ್ ೨೦೨೫
ಸಂಜೆ ಆರೂವರೆ

ದಿವ್ಯಳ ಅಪ್ಪನಿಗೆ,

ಹೀಗೆ ಕರೆದರೆ ನಿಮಗೆ ಈಗ ಕಷ್ಟವಾಗಬಹುದು. ಅವಳು ಹುಟ್ಟಿದಂದಿನಿಂದ ಹೀಗೇ ಕರೆದೆ, ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಬೋಟಿನಲ್ಲಿ ಒದ್ದೆ ಹಲಗೆಯ ಮೇಲೆ ಮಲಗಬೇಡಿ, ಕೆಳಗೆ ಏನಾದರೂ ಹಾಸಿಕೊಳ್ಳಿ. ಮಾತ್ರೆಯನ್ನು ಬರಿಹೊಟ್ಟೆಗೆ ನುಂಗುವ ನಿಮ್ಮ ಚಾಳಿ ಹೋಗಿರಲಿಕ್ಕಿಲ್ಲ. ನಾನು ಇದ್ದೇನೆ. ಬೆಳಿಗ್ಗೆ ಮಲ್ಲಿಗೆ ಕಟ್ಟಿ ಬಸ್ಸಿಗೆ ಕೊಟ್ಟೆ, ಚಳಿಗೆ ಹೂವು ಕಡಿಮೆ. ಮಧ್ಯಾಹ್ನ ಜಗಲಿಯಲ್ಲಿ ಕೂತು ದಿವ್ಯಳ ಸ್ಕೇಟ್‌ಬೋರ್ಡ್ ಹಲಗೆಯ ಹಳೆಯ ಬೇರಿಂಗ್ ಒಂದನ್ನು ಬಿಚ್ಚಿ ತೊಳೆದೆ. ಪಕ್ಕದ ಮನೆಯ ಶಿವ ತನ್ನ ಬೈಕಿನಿಂದ ಅರ್ಧ ಲೋಟ ಪೆಟ್ರೋಲ್ ತೆಗೆದು ಕೊಟ್ಟು, "ಎಂತಕ್ಕೆ ಅತ್ಗೆ?" ಎಂದು ಕೇಳಿದ. ಹೇಳಿದೆ. ನಾಳೆ ಬೆಳಗಾಗುವ ಮೊದಲು ಅವನು ಐಸ್ ಗಾಡಿ ತೆಗೆದುಕೊಂಡು ಮಲ್ಪೆಗೆ ಹೊರಡುತ್ತಾನೆ. ಈ ಪತ್ರವನ್ನು ಅವನ ಕೈಯಲ್ಲೇ ಕೊಡುತ್ತೇನೆ. ಫೋನಾದರೆ ನಾನು ಮಾತು ಮುಗಿಸುವ ಮೊದಲೇ ನೀವು ಇಟ್ಟುಬಿಡುತ್ತೀರಿ. ಪತ್ರವನ್ನು ಅರ್ಧಕ್ಕೆ ಮಡಚಿಟ್ಟರೂ ಉಳಿದ ಅರ್ಧ ಅದರಲ್ಲೇ ಇರುತ್ತದೆ.

ದಿವ್ಯ ಹೋಗಿ ಎರಡು ಮಳೆಗಾಲ ಕಳೆಯಿತು. ಮಳೆಗಾಲದಲ್ಲಿ ಬೋಟುಗಳೆಲ್ಲ ದಡಕ್ಕೆ ಬರುತ್ತವೆ, ಗಂಡಸರೆಲ್ಲ ಮನೆಗೆ ಬರುತ್ತಾರೆ. ನೀವು ಎರಡು ಸಲವೂ ಬರಲಿಲ್ಲ. ಬೋಟಿನ ರಿಪೇರಿ ಎಂದಿರಿ, ನಾನು ಹೂಂ ಎಂದೆ. ಕಳೆದ ಭಾನುವಾರ ನೀವಾಗಿಯೇ ಫೋನ್ ಮಾಡಿದಾಗ ನಿಜ ಹೇಳಬೇಕೆಂದರೆ ಸಂತೋಷವಾಗಿತ್ತು. ನೀವು ಫೋನ್ ಮಾಡಿದ್ದು ನಾಳೆ ಹೊನ್ನಾವರದ ಕೋರ್ಟಿನಲ್ಲಿ ನಾನು ಏನು ಹೇಳಬೇಕೆಂದು ಹೇಳಿಕೊಡಲಿಕ್ಕೆ. "ತೆಂಗಿನೆಣ್ಣೆ ಹಾಕಿದ್ದು ಸುಳ್ಳನೇ? ಎಣ್ಣೆಗೆ ಗಾಲಿ ಹಿಡಿದದ್ದು ಸುಳ್ಳನೇ? ಅಷ್ಟೇ ಹೇಳು. ಯಾವ ದಿನ ಅಂತ ಯಾರು ಕೇಳ್ತ್ರು?" ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟಿರಿ. ಯಾವ ದಿನ ಎಂದು ಯಾರೂ ಕೇಳದಿದ್ದರೂ ನಾನು ಹೇಳಬೇಕಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಹಲಗೆಯನ್ನು ಮನೆಗೆ ತಂದವರು ನೀವೇ. ಕುಮಟೆಯಲ್ಲಿ ಕಡಲಂಚಿನ ಒಂದು ಹೋಂಸ್ಟೇಗೆ ಬಣ್ಣ ಹೊಡೆಯಲು ಹೋದವರು, ಯಾರೋ ಪ್ರವಾಸಿಗರು ಬಿಟ್ಟುಹೋದ ಸ್ಕೇಟ್‌ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿದಿರಿ. ನಿಮ್ಮ ಅಣ್ಣ ಸುಧಾಕರ ಭಾವ ಜಗಲಿಯಿಂದಲೇ, "ಇದೆಂತದಾ, ಮೀನು ಕೊಚ್ಚೂ ಹಲ್ಗಿಗೆ ಗಾಲಿ ಹಚ್ಕಂಡ್ ಬಂದ್ಯಾ?" ಎಂದು ನಕ್ಕರು. ಎಲ್ಲರೂ ನಕ್ಕೆವು. ಒಂದೇ ಮನೆ, ಒಂದೇ ಒಲೆ, ಆಗ ನಗುವುದಕ್ಕೂ ಪಾಲು ಇರಲಿಲ್ಲ. ದಿವ್ಯ ಎರಡೇ ವಾರದಲ್ಲಿ ನಿಲ್ಲಲು ಕಲಿತಳು. ಮಳೆ ನಿಂತ ಮೇಲೆ ಮನೆಯಿಂದ ಕಡಲಿಗೆ ಇಳಿಯುವ ಕಾಂಕ್ರೀಟ್ ರಸ್ತೆ ಅವಳದೇ ಆಯಿತು. ಕಾಲೇಜಿನಿಂದ ಬಂದು ಚೀಲ ಎಸೆದವಳೇ ಹಲಗೆ ಎತ್ತಿಕೊಂಡು ಓಡುತ್ತಿದ್ದಳು. ಹೆಣ್ಣುಹುಡುಗಿ ರಸ್ತೆಯಲ್ಲಿ ಹೀಗೆ ಜಾರಿಕೊಂಡು ಹೋಗುವುದು ಚೆಂದವೇ ಎಂದು ಕೇಳಿದವರಿಗೆ ನೀವು, "ನಡ್ಕಂಡ್ ಹೋದ್ರೂ ಮಾತಾಡ್ತ್ರಿ, ಜಾರ್ಕಂಡ್ ಹೋದ್ರೆ ಬೇಗ ಮುಟ್ತದೆ" ಎಂದಿದ್ದಿರಿ. ಆ ಮನುಷ್ಯ ಎಲ್ಲಿಗೆ ಹೋದ ಎಂದು ನಾನು ಆಗಾಗ ಯೋಚಿಸುತ್ತೇನೆ.

ತೆಂಗಿನೆಣ್ಣೆಯ ಕಥೆ ಆ ವರ್ಷದ ಆಯುಧಪೂಜೆಯದು. ಪಿಕಪ್ಪಿಗೆ, ಹೊಲಿಗೆ ಮಷೀನಿಗೆ, ಕತ್ತಿ-ಕೊಡಲಿಗಳಿಗೆ ಹೂವು ಕುಂಕುಮ ಇಡುವಾಗ ನಿಮ್ಮ ಅತ್ತಿಗೆ ಹಲಗೆಯನ್ನೂ ಸಾಲಿನಲ್ಲಿ ಕೂರಿಸಿದರು. "ಮಗು ಗಾಡಿ, ಒಣಾ ಇರೂಕಾಗ" ಎಂದು ನಾಲ್ಕೂ ಗಾಲಿಗಳ ನಡುವಿಗೆ ತೆಂಗಿನೆಣ್ಣೆ ಸುರಿದರು. ನಮ್ಮ ಮನೆಯಲ್ಲಿ ಬಾವಿಯ ರಾಟೆಗೂ ಅದೇ, ಬಾಗಿಲಿನ ಕೀಲಿಗೂ ಅದೇ, ತಲೆಗೂ ಅದೇ. ಪ್ರೀತಿಯಿಂದಲೇ ಹಾಕಿದರು, ಅದನ್ನು ನಾನು ಅಲ್ಲ ಎನ್ನುವುದಿಲ್ಲ. ಕೆಲವು ವಾರಗಳಲ್ಲಿ ಎಣ್ಣೆಗೆ ಕಡಲ ಮರಳಿನ ಹೊಯಿಗೆ ಅಂಟಿತು, ಚಳಿ ಬಂದಾಗ ಗಟ್ಟಿಯಾಯಿತು, ಒಂದು ಬೆಳಿಗ್ಗೆ ಗಾಲಿ ತಿರುಗಲೇ ಇಲ್ಲ. "ಅಪ್ಪಾ, ದೊಡ್ಡಮ್ಮ ನನ್ ಬೋರ್ಡಿಗೆ ಒಗ್ಗರಣೆ ಹಾಕೀರು!" ಎಂದು ದಿವ್ಯ ಕೂಗಿದ್ದು ನಿಮಗೆ ನೆನಪಿರಬೇಕು. ನೀವು ಗಾಲಿಯನ್ನು ಮೂಗಿನ ಹತ್ತಿರ ಹಿಡಿದು, "ಇದೆಂತ ಮಾರಾಯ್ತಿ, ಗಾಲಿಯಾ, ದೋಸೆ ಕಾವ್ಲಿಯಾ?" ಎಂದಿರಿ. ನಿಮ್ಮ ಅತ್ತಿಗೆಯೇ ಎಲ್ಲರಿಗಿಂತ ಹೆಚ್ಚು ನಕ್ಕರು. ಮನೆಗೆ ಬಂದ ನೆಂಟರಿಗೆಲ್ಲ ಅದನ್ನು ತಾವೇ ಹೇಳುತ್ತಿದ್ದರು.

ಅವತ್ತು ನೀವು ಭಟ್ಕಳದ ಗ್ಯಾರೇಜಿನಲ್ಲಿ ಕಲಿತಿದ್ದ ವಿದ್ಯೆಯನ್ನೆಲ್ಲ ಜಗಲಿಯಲ್ಲಿ ಹರಡಿದಿರಿ. ಗಾಲಿಗೆ ಎರಡರಂತೆ ಬೇರಿಂಗ್. ನಟ್ಟು ಬಿಚ್ಚಿ, ಗಾಲಿಯನ್ನು ಅರ್ಧ ಎಳೆದು, ಗಾಲಿ ಕೂರುವ ಕಬ್ಬಿಣದ ಕಡ್ಡಿಯ ತುದಿಗೆ ಬೇರಿಂಗನ್ನು ಸಿಕ್ಕಿಸಿ ಓರೆ ಮಾಡಿದರೆ ಟಕ್ಕೆಂದು ಕಳಚಿಕೊಳ್ಳುತ್ತದೆ. ಮೇಲಿನ ರಬ್ಬರ್ ಮುಚ್ಚಳದ ಅಂಚನ್ನು ಪಿನ್ನಿನಿಂದ ಎಬ್ಬಿಸಬೇಕು, ಡೊಂಕಾಗಬಾರದು. ನೀರು ಮುಟ್ಟಿಸಬಾರದು. ಪೆಟ್ರೋಲಿನಲ್ಲಿ ಹಾಕಿ ಕುಲುಕಿ, ಬಟ್ಟೆಯ ಮೇಲೆ ತಟ್ಟಿ, ಪೂರ್ತಿ ಒಣಗಿದ ಮೇಲೆ ಹೊಲಿಗೆ ಮಷೀನಿನ ಎಣ್ಣೆ, ಅದೂ ಒಂದೇ ಹನಿ. "ಹನಿ ಹೆಚ್ಚಾತು ಅಂದ್ರೆ ಹೊಯ್ಗಿ ಕರ್ದಂಗೆ" ಎಂದಿರಿ. ದಿವ್ಯ ಒಂದೊಂದನ್ನೂ ಪೆನ್ಸಿಲ್ಲಿಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, "ಇದು ಪಾಸು, ಇದು ಪಾಸು" ಎನ್ನುತ್ತಿದ್ದಳು. ಎರಡು ಮಾತ್ರ ಕರಕರ ಎಂದವು. ಅವನ್ನು ಫೇಲು ಮಾಡಿ ಪಿನ್ನಿನ ಡಬ್ಬಿಗೆ ಹಾಕಿದಳು. ಅವುಗಳಲ್ಲಿ ಒಂದನ್ನು ಬಿಚ್ಚಿ ತೊಳೆದಿರಲೂ ಇಲ್ಲ, ಮುಚ್ಚಳ ಬರದೆ ನೀವು ಬೇಸತ್ತು ಬಿಟ್ಟಿರಿ. ಮಾರನೆಯ ದಿನ ಭಟ್ಕಳಕ್ಕೆ ಹೋಗಿ ಅದೇ ಅಳತೆಯ ಎರಡು ಹೊಸವು ತಂದಿರಿ. ಅಂಗಡಿಯವರು ಮಿಕ್ಸರಿಗಾ ಎಂದು ಕೇಳಿದರಂತೆ, ಮಗಳಿಗೆ ಎಂದಿರಂತೆ. ಅಲ್ಲಿಂದ ಮುಂದೆ ನೀವು ಮನೆಗೆ ಬಂದಾಗಲೆಲ್ಲ ಅಪ್ಪ ಮಗಳಿಗೆ ಅದೇ ಹಬ್ಬ.

ಅದಾಗಿ ಬಂದ ಫೆಬ್ರವರಿಯ ಆ ಸೋಮವಾರ ನಸುಕಿಗೆ ನೀವು ಬೋಟಿಗೆ ಹೊರಟಿರಿ. ಸಂಜೆ ನಾನು ಜಗಲಿಯಲ್ಲಿ ಮೊಗ್ಗು ಕಟ್ಟುತ್ತಿದ್ದೆ. ರಸ್ತೆ ಅಲ್ಲಿಂದ ಕಾಣುವುದಿಲ್ಲ, ಕೇಳುತ್ತದೆ. ಗಾಲಿ ಚೊಕ್ಕವಾಗಿದ್ದರೆ ಒಂದೇ ಸಮ ಸದ್ದು, ಕಾಂಕ್ರೀಟಿನ ಜೋಡು ಬಂದಲ್ಲಿ ಮಾತ್ರ ಟಕ್ ಟಕ್ ಎನ್ನುತ್ತದೆ. ಅವಳು ಯಾವ ಮನೆಯ ಮುಂದೆ ಇದ್ದಾಳೆ ಎಂದು ಆ ಸದ್ದಿನಿಂದಲೇ ನನಗೆ ತಿಳಿಯುತ್ತಿತ್ತು. ಭಾವನ ಮಗ ಮೋಹನ ಮೇಲಿನಿಂದ ಪಿಕಪ್ ತಂದ. ಹಾರನ್ ಇಲ್ಲ, ಬ್ರೇಕ್ ಇಲ್ಲ. ಗಾಲಿಯ ಸದ್ದು ನಿಲ್ಲುವ ಮೊದಲೇ ಬಡಿದ ಸದ್ದು ಕೇಳಿತು. ಇನ್ನೊಂದನ್ನು ನಾನು ನಿಮಗೆ ಇದುವರೆಗೆ ಹೇಳಿಲ್ಲ, ಹೇಳಲು ನೀವು ಬಿಡಲಿಲ್ಲ. ಬಡಿದ ಮೇಲೂ ಗಾಲಿಯ ಸದ್ದು ಇತ್ತು. ಅವಳು ಬಿದ್ದ ಮೇಲೂ ಹಲಗೆ ತಾನೊಂದೇ ಇಳಿಜಾರಿನಲ್ಲಿ ಹೋಗುತ್ತಲೇ ಇತ್ತು, ಟಕ್ ಟಕ್ ಎನ್ನುತ್ತ, ಶಿವನ ಮನೆಯ ಬೇಲಿಯವರೆಗೆ. ಅದನ್ನು ಕೇಳಿ ನಾನು, ದೇವರೇ, ಅವಳಿಗೆ ಏನೂ ಆಗಿಲ್ಲ, ಮುಂದೆ ಹೋಗುತ್ತಿದ್ದಾಳೆ ಎಂದುಕೊಂಡೆ. ಹಿಡಿದ ಗಾಲಿ ಅಷ್ಟು ದೂರ ಹೋಗುತ್ತದೆಯೇ? ಗ್ಯಾರೇಜಿನಲ್ಲಿ ಕೆಲಸ ಮಾಡಿದವರು ನೀವು, ನೀವೇ ಹೇಳಿ.

ಅವತ್ತು ಆಸ್ಪತ್ರೆಯಲ್ಲಿ ಮೋಹನ ನನ್ನ ಕಾಲು ಹಿಡಿದು, "ಫೋನು ಬಂತು ಚಿಕ್ಕೀ, ಕೆಳ್ಗೆ ನೋಡ್ದೆ" ಎಂದು ಅತ್ತ. ಸುದ್ದಿ ಕೇಳಿ ಮಲ್ಪೆಯಿಂದ ಓಡಿ ಬಂದಿದ್ದ ನೀವು ಪಕ್ಕದಲ್ಲೇ ನಿಂತಿದ್ದಿರಿ. ಅವನ ತಲೆಯ ಮೇಲೆ ಕೈ ಇಟ್ಟಿರಿ. ನಾನೂ ಇಟ್ಟೆ. ಎತ್ತಿ ಆಡಿಸಿದ ಹುಡುಗ. ಆ ಒಂದು ಮಾತನ್ನು ಅವನು ಎಲ್ಲರೆದುರು ಇನ್ನೊಮ್ಮೆ ಹೇಳಿದ್ದರೆ ನನಗೆ ಸಾಕಾಗಿತ್ತು. ಹನ್ನೆರಡನೆಯ ದಿನದ ಊಟಕ್ಕೆ ಬಂದವರು ಕೈ ತೊಳೆಯುವ ಹೊತ್ತಿಗೆ ಮಾತು ಬೇರೆಯಾಗಿತ್ತು. ಹಲಗೆಯ ಗಾಲಿ ಹಿಡಿಯಿತಂತೆ, ಹುಡುಗಿ ಮುಗ್ಗರಿಸಿ ಗಾಡಿಯ ಮುಂದೆ ಬಿದ್ದಳಂತೆ, ಗಾಲಿಗೆ ಯಾರೋ ತೆಂಗಿನೆಣ್ಣೆ ಹಾಕಿದ್ದರಂತೆ. ನಮ್ಮ ಮನೆಯ ತಮಾಷೆಯನ್ನೇ ತೆಗೆದುಕೊಂಡು ಹೋಗಿ ಅವಳ ಮೇಲೆ ಹೊದಿಸಿದರು. ನೀವು ತಲೆ ತಗ್ಗಿಸಿ ಕೂತಿದ್ದಿರಿ. ದುಃಖ ಎಂದುಕೊಂಡೆ.

ಈಗ ಮೋಹನನ ಮದುವೆ ನಿಶ್ಚಯವಾಗಿದೆ. "ಹೋದವ್ಳು ಹೋದ್ಳು ತಂಗಿ, ಇದ್ದವ್ನ ನೋಡೂದು ಬೇಡ್ವಾ?" ಎಂದು ನಿಮ್ಮ ಅತ್ತಿಗೆ ದಿನಕ್ಕೊಮ್ಮೆ ಕೇಳುತ್ತಾರೆ. ಭಾವ ನನ್ನೊಡನೆ ಮಾತು ಬಿಟ್ಟಿದ್ದಾರೆ. ಮೊನ್ನೆ ಬಾವಿಕಟ್ಟೆಯಲ್ಲಿ ಮೋಹನ ಸಿಕ್ಕಿ, "ನಾ ಬೇಕಂದೇ ಮಾಡಿದ್ನಾ ಚಿಕ್ಕೀ?" ಎಂದ. ಬೇಕೆಂದು ಮಾಡಿದೆ ಎಂದು ನಾನು ಯಾವತ್ತೂ ಹೇಳಿಲ್ಲ. ಫೋನ್ ನೋಡಿದೆ ಎಂದು ಹೇಳು ಎಂದೆ. ಕೊಡಪಾನ ಅಲ್ಲೇ ಬಿಟ್ಟು ಹೋದ. ಅವನನ್ನು ಬೆಳೆಸಿದವರು ಅವನನ್ನು ಕಾಯುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ಅವಳನ್ನು ಹುಟ್ಟಿಸಿದವರು ಯಾರನ್ನು ಕಾಯುತ್ತಿದ್ದಾರೆ ಎಂಬುದಷ್ಟೇ ಅರ್ಥವಾಗಿಲ್ಲ.

ಹೋದ ವಾರ ಮೋಹನನ ಮೇಲಿನ ಕೇಸಿನ ಸರ್ಕಾರಿ ವಕೀಲರು ಕರೆಸಿ, ಅವತ್ತು ಪೊಲೀಸರು ಒಯ್ದಿದ್ದ ಹಲಗೆಯನ್ನು ತೋರಿಸಿದರು. ಅವರು ಕುಮಟೆಯ ಕಡೆಯ ಹೆಂಗಸು, ಮೆತ್ತಗೆ ಮಾತಾಡುತ್ತಾರೆ. ಇದೇ ಹೌದಾ ನೋಡಿ ಎಂದರು. ಅವಳು ಅಂಟಿಸಿದ್ದ ಚಿಟ್ಟೆ ಹಾಗೇ ಇತ್ತು. ನಾನು ಬೆರಳಿನಿಂದ ಗಾಲಿ ತಳ್ಳಿದೆ. ತಿರುಗಲಿಲ್ಲ. ಇನ್ನೊಂದನ್ನು ತಳ್ಳಿದೆ. ಅದೂ ತಿರುಗಲಿಲ್ಲ. ಎರಡು ಮಳೆಗಾಲದ ಉಪ್ಪುಗಾಳಿ, ಒರೆಸಿ ಎಣ್ಣೆ ಬಿಡುವವರಿಲ್ಲ, ಬೇರಿಂಗ್ ಎಂಟೂ ಕೆಂಪಗೆ ತುಕ್ಕು ಹಿಡಿದಿವೆ. ನಿಮ್ಮ ಮನೆಯವರು ಹೇಳಿದ ಸುಳ್ಳನ್ನು ನಮ್ಮ ಕಡಲೇ ನಿಜ ಮಾಡಿಟ್ಟಿದೆ. ನಾಳೆ ಆ ಕಡೆಯ ವಕೀಲರು ಗಾಲಿ ತಳ್ಳಿ ತೋರಿಸುತ್ತಾರೆ, ಎಲ್ಲರೂ ನೋಡುತ್ತಾರೆ. ಅಲ್ಲೇ ಕೂತು ಬಿಚ್ಚಿ ಉಜ್ಜಿ ಎಣ್ಣೆ ಬಿಡಬೇಕೆಂದು ಕೈ ತುಡಿಯಿತು. ಮುಟ್ಟಬಾರದಂತೆ. ಇದು ತುಕ್ಕು, ತೆಂಗಿನೆಣ್ಣೆ ಹೀಗಿರುವುದಿಲ್ಲ ಎಂದು ನಾನು ಹೇಳಿದೆ. ಹಾಗಾದರೆ ಹೇಗಿರುತ್ತದೆ ಎಂದು ಅವರು ಕೇಳಿದರು.

ಅದಕ್ಕೇ ಇವತ್ತು ಪಿನ್ನಿನ ಡಬ್ಬಿ ತೆಗೆದೆ. ದಿವ್ಯ ಫೇಲು ಮಾಡಿದ ಎರಡೂ ಅಲ್ಲೇ ಇದ್ದವು. ಅವತ್ತು ನಿಮಗೆ ಬಾರದ ಮುಚ್ಚಳ ನನ್ನ ಕೈಗೆ ಬಂತು. ಒಳಗೆ ತೆಂಗಿನೆಣ್ಣೆ ಹಳದಿ ಮೇಣದ ಹಾಗೆ ಗಟ್ಟಿಯಾಗಿ, ಹೊಯಿಗೆ ಕಾಳುಗಳನ್ನು ಕಚ್ಚಿಕೊಂಡು ಕೂತಿದೆ, ಈಗಲೂ ಹಳಸಿದ ಎಣ್ಣೆಯ ಕನಟು ವಾಸನೆ. ಕಬ್ಬಿಣಕ್ಕೆ ತುಕ್ಕು ತಾಗಿಲ್ಲ. ಅದನ್ನು ಹಾಗೆಯೇ ಕಾಗದದಲ್ಲಿ ಸುತ್ತಿಟ್ಟೆ. ಇನ್ನೊಂದನ್ನು ಪೆಟ್ರೋಲಿನಲ್ಲಿ ಕುಲುಕಿ ಒಣಗಿಸಿ ಒಂದು ಹನಿ ಬಿಟ್ಟೆ. ಪೆನ್ಸಿಲ್ಲಿಗೆ ಸಿಕ್ಕಿಸಿದರೆ ತಿರುಗಿತು, ಕರಕರ ಎನ್ನುತ್ತ. ಕಿವಿಯ ಹತ್ತಿರ ಹಿಡಿದೆ. ಪಾಸು ಎನ್ನಲು ಯಾರೂ ಇರಲಿಲ್ಲ. ಎರಡನ್ನೂ ನಾಳೆ ಒಯ್ಯುತ್ತೇನೆ. ನೋಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು, ತನ್ನಿ ಎಂದಿದ್ದಾರೆ ವಕೀಲರು.

ಶಿವನ ಚೀಲದಲ್ಲಿ ಒಣ ಸಿಗಡಿ ಚಟ್ನಿ ಇಟ್ಟಿದ್ದೇನೆ, ನಿಮ್ಮ ಬೋಟಿನ ಹುಡುಗರಿಗೂ ಕೊಡಿ. ಹುಷಾರಾಗಿರಿ. ದೇವರು ನಿಮಗೆ ನಿದ್ದೆ ಕೊಡಲಿ, ನನಗೂ.

ಇಂತಿ,
ದಿವ್ಯಳ ಅಮ್ಮ
ರೇಖಾ

ಮರೆತಿದ್ದೆ, ಪತ್ರಕ್ಕಾಗಿ ಶಿವ ರಾತ್ರಿಯೇ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಗಾಲಿಗಳನ್ನು ಕೊನೆಯದಾಗಿ ಬಿಚ್ಚಿ ಎಣ್ಣೆ ಬಿಟ್ಟವರು ಯಾರು ಎಂದು ವಕೀಲರು ಕೇಳಿದ್ದರು. ನಾಳೆಯೂ ಕೇಳುತ್ತಾರಂತೆ. ನೀವು ಹೊರಡುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎಂಟನ್ನೂ ತೊಳೆದು, ಒಂದೊಂದೇ ಹನಿ ಬಿಟ್ಟು, ನಟ್ಟು ಬಿಗಿದು, "ಇನ್ನು ಎರಡು ತಿಂಗಳು ನೋಡೂದೇ ಬೇಡ ಮಗಾ" ಎಂದವರು ನೀವು. ನಿಮ್ಮ ಹೆಸರು ಹೇಳುತ್ತೇನೆ. ಮಾರನೆಯ ದಿನ ಗಾಲಿ ಹಿಡಿಯಿತು ಎಂದು ನೀವೂ ಹೇಳುವುದಾದರೆ, ಅದು ನಿಮ್ಮ ಕೈ ತಾಗಿದ ಗಾಲಿ ಎಂಬುದನ್ನೂ ಸೇರಿಸಿಯೇ ಹೇಳಬೇಕಾಗುತ್ತದೆ. ನಾನು ನಾಳೆ ಎಂಟೂವರೆಯ ಬಸ್ಸಿಗೆ ಹೊನ್ನಾವರಕ್ಕೆ ಹೋಗುತ್ತೇನೆ.